ಎಡಗಡೆಯ ಎಂಜಿನ್

ಇಪ್ಪತ್ತೇಳು ವರ್ಷ ಪರರ ಬೋಟುಗಳ ಹೊಟ್ಟೆಯೊಳಗೆ ಮಂಡಿಯೂರಿ ತೆವಳಿದವನಿಗೆ ಸ್ವಂತದ್ದೆಂಬ ಒಂದು ತೆಪ್ಪವೂ ಇರಲಿಲ್ಲ. ಬಂದರಿನಲ್ಲಿ ಎಲ್ಲರೂ ಅವನನ್ನು ಸುತ್ತಿಗೆ ಸಾಹೇಬ ಎನ್ನುತ್ತಿದ್ದರು. ಹಳೆಯ ಬೋಟು ಕೊಳ್ಳುವವರು ಮಾತು ಮುಗಿಸುವ ಮೊದಲು ಅವನನ್ನು ಕರೆಸುತ್ತಿದ್ದರು. ಅವನು ಹೆಬ್ಬೆರಳಿನಷ್ಟು ದೊಡ್ಡ ಸುತ್ತಿಗೆಯಿಂದ ಬೋಟಿನ ಒಡಲನ್ನು ಅಂಗೈಯಗಲವೂ ಬಿಡದೆ ತಟ್ಟಿ, ಸದ್ದಿಗೆ ಕಿವಿಗೊಟ್ಟು, ಎಂಜಿನ್ ಆಯಿಲನ್ನು ಬೆರಳ ನಡುವೆ ಉಜ್ಜಿ ನೋಡಿ, ಹದಿನಾರು ಪುಟದ ವರದಿ ಬರೆದು ಮೊಹರು ಒತ್ತುತ್ತಿದ್ದ. ಆ ಮೊಹರಿಗೆ ಬ್ಯಾಂಕಿನವರೂ ವಿಮೆಯವರೂ ತಲೆಬಾಗುತ್ತಿದ್ದರು. ಸುಳ್ಳು ಬರೆದನೆಂಬ ಮಾತು ಒಂದು ದಿನವೂ ಬಂದಿರಲಿಲ್ಲ. ಈ ಒಳ್ಳೆಯ ಹೆಸರನ್ನು ಅವನು ಈಚೆಗೆ ಒಂದು ಗುಣವೆಂದು ತಿಳಿಯುವುದನ್ನು ಬಿಟ್ಟು, ಇಷ್ಟು ಕಾಲ ಮುಟ್ಟದೆ ಇಟ್ಟ ಬಂಡವಾಳವೆಂದು ಎಣಿಸತೊಡಗಿದ್ದ.

ಕಿಚ್ಚು ಹೊತ್ತಿಸಿದವರು ಹಲ್ಲಿನ ಡಾಕ್ಟರು. ಅವರಿಗೆ ವಿಹಾರಕ್ಕೊಂದು ಮೋಟಾರ್ ಯಾಟ್ ಬೇಕಾಗಿತ್ತು. ಎರಡು ಡೀಸೆಲ್ ಎಂಜಿನ್, ಮಲಗಲು ಎರಡು ಕೋಣೆ ಇರುವ ಹಳೆಯ ಬೋಟೊಂದು ಕಣ್ಣಿಗೆ ಬಿದ್ದಿತ್ತು. ಪರೀಕ್ಷೆಗೆ ಅವನನ್ನು ಕರೆದವರು ಫೋನಿನಲ್ಲೇ ಫೀಸಿಗೆ ಚೌಕಾಸಿ ಮಾಡಿದರು. ‘ನೀವು ಮಾಡೋದಾದ್ರೂ ಏನು, ಸುಮ್ನೆ ತಟ್ಟಿ ನೋಡೋದು ತಾನೆ?’ ಎಂದರು. ಹಿಂದಿನ ತಿಂಗಳಷ್ಟೇ ಅದೇ ಡಾಕ್ಟರು ಅವನ ದವಡೆ ಹಲ್ಲನ್ನು ಒಂದು ಕಡ್ಡಿಯಿಂದ ಮೂರು ಸಲ ತಟ್ಟಿ, ಈಗ ಅವನು ಕೇಳಿದ್ದರ ಎರಡರಷ್ಟು ಫೀಸು ತೆಗೆದುಕೊಂಡಿದ್ದರು. ಅವನು ಅದನ್ನು ಹೊಟ್ಟೆಯಲ್ಲಿ ಹಾಕಿಕೊಂಡ.

ಪರೀಕ್ಷೆ ಎರಡು ದಿನದ ಕೆಲಸ. ಮೊದಲ ದಿನ ಬೋಟನ್ನು ದಡಕ್ಕೆತ್ತಿ ಒಡಲು ನೋಡುವುದು; ಎರಡನೆಯ ದಿನ ಎಂಜಿನ್ ನೋಡಿ, ಕಡಲಿನಲ್ಲಿ ಓಡಿಸುವುದು. ಬೋಟಿನ ಒಡತಿ ಒಬ್ಬ ಕಂಟ್ರಾಕ್ಟರನ ವಿಧವೆ, ನಿವೃತ್ತಳಾದ ಗಣಿತದ ಮೇಡಂ. ಎಲ್ಲರಿಗೂ ಟೀಚರಮ್ಮ. ದಪ್ಪ ಕನ್ನಡಕ, ಕೈಯಲ್ಲೊಂದು ಕಾಫಿ ಫ್ಲಾಸ್ಕು, ಮೆಲುದನಿ. ಗಂಡ ಹೋದ ಮೇಲೆ ಬೋಟು ತನಗೇಕೆ ಎಂದು ಮಾರುತ್ತಿದ್ದಳು. ಮೊದಲ ದಿನ ಅವನು ಮೂತಿಯಿಂದ ಬಾಲದವರೆಗೆ ತಟ್ಟಿದ. ಎಲ್ಲಿ ತಟ್ಟಿದರೂ ಚೆನ್ನಾಗಿ ಬೆಂದ ಮಡಕೆಯ ಸದ್ದು. ಪೊಳ್ಳಿಲ್ಲ, ಪಸೆಯಿಲ್ಲ. ಕೊನೆಗೆ ಮೇಲೆ ಹತ್ತಿ, ಚುಕ್ಕಾಣಿಯ ಮುಂದಿನ ಕುರ್ಚಿಯಲ್ಲಿ ಟಿಪ್ಪಣಿ ಬರೆಯುವ ನೆವದಲ್ಲಿ ಕುಳಿತ. ಮರದ ಚಕ್ರ ನುಣುಪಾಗಿತ್ತು. ಎಷ್ಟೋ ಹೊತ್ತಿನ ಮೇಲೆ ಮಂಡಿ ನೋಯುತ್ತಿಲ್ಲವೆಂಬುದು ಅವನ ಗಮನಕ್ಕೆ ಬಂತು. ಈ ಬೋಟು ವರ್ಷಕ್ಕೆ ಹತ್ತು ದಿನ ಹಲ್ಲಿನ ಡಾಕ್ಟರನ್ನು ಹೊತ್ತು ತಿರುಗುತ್ತದೆ, ಉಳಿದ ದಿನ ಹಗ್ಗ ಕಟ್ಟಿಸಿಕೊಂಡು ನಿಂತಿರುತ್ತದೆ ಎಂದು ನೆನೆದಾಗ ಅವನಿಗೆ ಡಾಕ್ಟರ ಮೇಲೆ ಬಂದದ್ದು ಸಿಟ್ಟಲ್ಲ. ಒಂದು ಬಗೆಯ ನಿಶ್ಚಯ.

ಆ ಸಂಜೆ ಮನೆಗೆ ನಡೆದು ಹೋಗುವಷ್ಟರಲ್ಲಿ ಉಪಾಯ ಪೂರ್ತಿ ಸಿದ್ಧವಾಯಿತು. ಹಾವೂ ಸಾಯಬೇಕು, ಕೋಲೂ ಮುರಿಯಬಾರದು. ಹತ್ತು ಸಣ್ಣ ದೋಷ ಬರೆದರೆ ಕೊಳ್ಳುವವನು ಚೌಕಾಸಿಗೆ ಕೂರುತ್ತಾನೆ; ಒಂದೇ ದೊಡ್ಡದನ್ನು ಬರೆದರೆ ಎದ್ದು ಹೋಗುತ್ತಾನೆ. ಒಡಲಿಗೆ ಸುಳ್ಳು ಮೆತ್ತುವುದು ಬೇಡ, ಅದನ್ನು ಇನ್ನೊಬ್ಬನೂ ತಟ್ಟಿ ನೋಡಬಲ್ಲ. ಎಂಜಿನ್ನಿನ ಒಳಗನ್ನು ಮಾತ್ರ ಬಿಚ್ಚದೆ ಯಾರೂ ಕಾಣಲಾರರು. ಎಡಗಡೆಯ ಎಂಜಿನ್ನಿನ ಸಿಲಿಂಡರ್ ಹೆಡ್ ಬಿರುಕು ಬಿಟ್ಟಿದೆ, ತಣಿಸುವ ನೀರು ಆಯಿಲಿಗೆ ಸೇರುತ್ತಿದೆ ಎಂದು ಬರೆದರಾಯಿತು. ಎರಡೂ ಕೆಟ್ಟಿವೆ ಎಂದರೆ ಅತಿಯಾಗುತ್ತದೆ. ಒಂದಾದರೆ ನಂಬುತ್ತಾರೆ.

ಸಾಕ್ಷಿಗೆ ಆಯಿಲ್ ಬೇಕು. ಬಂದರಿನ ಹಿಂದಿನ ಗುಜರಿಯಲ್ಲಿ ಒಂದು ಮೀನುಬೋಟಿನ ಎಂಜಿನ್ ವರ್ಷದಿಂದ ಬಿದ್ದಿತ್ತು. ಅದರ ತಳದಲ್ಲಿ ನೀರು ಬೆರೆತು ಹಾಲು ಹೆಚ್ಚಾದ ಕಾಫಿಯಂತಾದ ಆಯಿಲ್ ಇತ್ತು. ಒಂದು ಬಾಟಲಿ ತುಂಬಿಸಿ ಚೀಲದಲ್ಲಿಟ್ಟ. ಪರೀಕ್ಷೆ ಮಾಡುವ ಲ್ಯಾಬಿನವರು ಪ್ರಾಮಾಣಿಕರು. ಬಾಟಲಿಯೊಳಗೆ ಏನಿದೆಯೋ ಅದನ್ನೇ ಬರೆಯುತ್ತಾರೆ. ತನ್ನ ಸುಳ್ಳಿನ ಮುಕ್ಕಾಲು ಪಾಲನ್ನು ಪ್ರಾಮಾಣಿಕರಿಂದಲೇ ಹೇಳಿಸುವುದು ಅವನಿಗೆ ಹಿತವೆನಿಸಿತು. ಡಾಕ್ಟರು ಹಿಂದೆ ಸರಿದ ಮೇಲೆ ಬೆಲೆ ಬೀಳುತ್ತದೆ. ಆಗ ಭಾವಮೈದುನನ ಹೆಸರಿನಲ್ಲಿ ಕೊಳ್ಳುವುದು. ತಾವಿದ್ದ ಬಾಡಿಗೆ ಮನೆಯನ್ನೇ ಕೊಳ್ಳಲೆಂದು ಗಂಡ ಹೆಂಡತಿ ಕೂಡಿಟ್ಟ ಠೇವಣಿ ಅದಕ್ಕೆ ಸಾಕಾಗುತ್ತದೆ. ಒಂದು ವರ್ಷ ಚುಕ್ಕಾಣಿಯ ಮುಂದೆ ಕೂರುವುದು, ಆಮೇಲೆ ರಿಪೇರಿಯಾಯಿತೆಂದು ಹೇಳಿ ಪೂರ್ತಿ ಬೆಲೆಗೆ ಮಾರುವುದು. ಮನೆಯೂ ಬರುತ್ತದೆ, ಮನೆಗೊಂದು ಮಹಡಿಯೂ ಏಳುತ್ತದೆ.

ಹೀಗೆ ಎರಡನೆಯ ದಿನ ಬೆಳಿಗ್ಗೆ ಒಂಬತ್ತಕ್ಕೆ ಅವನು ಬೋಟು ಹತ್ತುವಾಗ ವರದಿ ತಲೆಯಲ್ಲಿ ಮೊಹರಿನ ಸಮೇತ ಮುಗಿದಿತ್ತು. ಟೀಚರಮ್ಮ ಆಗಲೇ ಬಂದು ನೆಲ ತೊಳೆದು, ಕಾಫಿಯೊಂದಿಗೆ ಕಾದಿದ್ದಳು. ಎಂಜಿನ್ ಕೋಣೆಗೆ ಅವನೊಬ್ಬನೇ ಇಳಿದ. ಆಯಿಲ್ ಅಳೆಯುವ ಕಡ್ಡಿ ಎಳೆದ. ಜೇನಿನಂಥ ತಿಳಿ ಆಯಿಲ್. ಛೆ, ಎಂಥ ಎಂಜಿನ್ನಿಗೆ ಎಂಥ ಅಪವಾದ ಎನಿಸಿತು. ಎರಡೂ ಎಂಜಿನ್ ಮೊದಲ ತಿರುವಿಗೇ ಎದ್ದವು, ಬೀಡಿಯಷ್ಟೂ ಹೊಗೆಯಿಲ್ಲ. ಡಾಕ್ಟರು ಬಂದ ಮೇಲೆ ನಲವತ್ತು ನಿಮಿಷ ಕಡಲಿನಲ್ಲಿ ಓಡಿಸಿದರು. ಅವನು ಮುಖ ಗಂಟಿಕ್ಕಿಕೊಂಡು, ಆಗಾಗ ಎಡಕ್ಕೆ ಕಿವಿಗೊಟ್ಟು, ಏನನ್ನೋ ಬರೆದುಕೊಳ್ಳುತ್ತಿದ್ದ. ಬರೆದದ್ದು, ಮೇಲಿನ ಕುರ್ಚಿಗೆ ಹೊಸ ದಿಂಬು ಬೇಕು ಎಂದು.

‘ಹೇಗಿದೆ?’ ಎಂದರು ಡಾಕ್ಟರು.

‘ಲ್ಯಾಬಿನಿಂದ ಬರಲಿ ಡಾಕ್ಟ್ರೇ. ಬಾಯಿ ಮಾತು ಬೇಡ.’

ಒಂದು ವಾರದಲ್ಲಿ ಎಲ್ಲವೂ ಅವನು ಗೆರೆ ಎಳೆದಂತೆಯೇ ನಡೆಯಿತು. ಡಾಕ್ಟರು ವರದಿ ಓದಿ, ಪೂರ್ತಿ ಫೀಸು ಕೊಟ್ಟು, ತಮ್ಮನ್ನು ಉಳಿಸಿದಿರಿ ಎಂದು ಕೈ ಹಿಡಿದುಕೊಂಡರು. ಹಿಂದೆ ಸರಿದುದಕ್ಕೆ ಕಾರಣ ತೋರಿಸಲು ವರದಿಯ ಒಂದು ಪ್ರತಿಯನ್ನು ಟೀಚರಮ್ಮನಿಗೂ ಕಳಿಸಿದರು. ಮಾರನೆಯ ದಿನವೇ ಆಕೆಯ ಫೋನು ಬಂತು. ದನಿ ಬಿದ್ದುಹೋಗಿತ್ತು. ಇದನ್ನು ಇನ್ನು ಯಾರಾದರೂ ನೋಡಿದ್ದಾರೆಯೇ ಎಂದು ಕೇಳಿದಳು. ಇಲ್ಲವೆಂದ. ದಯವಿಟ್ಟು ತೋರಿಸಬೇಡಿ ಎಂದಳು. ಪಾಪ, ಗಂಡನ ಬೋಟಿನ ಮಾನ ಎಂದುಕೊಂಡ.

‘ಎಡಗಡೆದು ಅಂತ ಬರೆದಿದ್ದೀರಿ,’ ಎಂದಳು ಆಕೆ. ‘ಬಲಗಡೆದು?’

‘ಅದು ಚೆನ್ನಾಗಿದೆ ಟೀಚರಮ್ಮ. ಅದರ ಚಿಂತೆ ಬಿಡಿ.’

ಆ ಕಡೆ ಕಾಗದ ಮಗುಚುವ ಸದ್ದು ಕೇಳಿತು. ‘ಸರಿ,’ ಎಂದಳು. ‘ನಿಮ್ಮಷ್ಟು ಸೂಕ್ಷ್ಮ ಇರೋರನ್ನ ನಾನು ನೋಡಿರಲಿಲ್ಲ.’

ಈ ಹೊಗಳಿಕೆಯನ್ನು ಅವನು ಎರಡು ದಿನ ಮೆಲುಕು ಹಾಕಿದ. ಮೂರನೆಯ ದಿನ ಭಾವಮೈದುನನ ಅಂಗಡಿಗೆ ಹೋದ. ಆತ ಪರದೆ ಬಟ್ಟೆ ಮಾರುವವನು. ಹೊಳೆ ದಾಟುವ ದೋಣಿಯಲ್ಲೂ ಕಣ್ಣು ಮುಚ್ಚಿ ಕೂರುವ ಜಾತಿ.

‘ಭಾವ, ದೋಣಿ ಅಂದ್ರೆ ನನಗೆ ವಾಂತಿ. ನನ್ನ ಹೆಸರಲ್ಲಿ ಯಾಕೆ?’

‘ನೀನು ಹತ್ತೋದೇನೂ ಬೇಡ. ಸಹಿ ಹಾಕೋದಕ್ಕೆ ವಾಂತಿ ಬರಲ್ಲ.’

ಹೆಂಡತಿಗೆ ಹೇಳದೆ ಠೇವಣಿ ಮುರಿಯುವಂತಿರಲಿಲ್ಲ; ಕಾಗದದಲ್ಲಿ ಆಕೆಯ ಹೆಸರೂ ಇತ್ತು. ನಿನ್ನ ತಮ್ಮನ ವ್ಯಾಪಾರಕ್ಕೆ ಒಂದು ವರ್ಷದ ಮಟ್ಟಿಗೆ ಎಂದ. ಆಕೆ ಪೆನ್ನು ಹಿಡಿದು ಅವನ ಮುಖವನ್ನೇ ನೋಡಿದಳು. ‘ನೀವು ಊರಿನ ಬೋಟೆಲ್ಲ ಮೂರು ಮೂರು ಸಲ ನೋಡ್ತೀರಿ. ಇದನ್ನೂ ನೋಡಿದ್ದೀರಿ ತಾನೆ?’ ಎಂದಳು. ನೋಡಿದ್ದೇನೆ ಎಂದ. ಆಕೆ ಸಹಿ ಹಾಕಿ ಒಲೆಯ ಕಡೆ ಹೋದಳು. ಆ ಮಾತು ಅವನಿಗೆ ಸ್ವಲ್ಪ ಚುಚ್ಚಿತು. ಹತ್ತು ನಿಮಿಷ.

ಬೆಲೆ ಮಾತಾಡುವ ದಿನ ಭಾವಮೈದುನನಿಗೆ ಹೇಳಿಕೊಟ್ಟು ಕಳಿಸಿದ್ದ: ಮೂರರಲ್ಲೊಂದು ಪಾಲಿನಿಂದ ಶುರು ಮಾಡು, ಆಕೆ ಏರಿಸುತ್ತ ಹೋಗಲಿ, ಅರ್ಧಕ್ಕೆ ನಿಲ್ಲಿಸು. ಆತ ಗಾಬರಿಯಲ್ಲಿ ಮೊದಲ ಮಾತಿಗೇ ಅರ್ಧ ಎಂದುಬಿಟ್ಟ. ಗಣಿತದ ಮೇಡಂ ಒಂದು ಮಾತೂ ಆಡದೆ ಒಪ್ಪಿದಳು. ಒಂದೇ ಷರತ್ತು: ಸುತ್ತಿಗೆ ಸಾಹೇಬರ ವರದಿಯನ್ನು ಕ್ರಯಪತ್ರಕ್ಕೆ ಲಗತ್ತಿಸಬೇಕು, ಹದಿನಾರು ಪುಟಕ್ಕೂ ಕೊಳ್ಳುವವರ ಸಹಿ ಬೇಕು, ಎಂಜಿನ್ ಕೆಟ್ಟಿದೆಯೆಂದು ತಿಳಿದೇ ಕೊಂಡಿದ್ದೇನೆ ಎಂದು ಒಂದು ಸಾಲು ಬರೆಯಬೇಕು. ‘ನಾಳೆ ಯಾರಿಗೂ ಮಾತು ಬರಬಾರದು ನೋಡಿ’ ಎಂದಳಂತೆ. ಇದನ್ನು ಕೇಳಿ ಅವನಿಗೆ ಆಕೆಯ ಮೇಲೆ ನಿಜವಾಗಿಯೂ ಕನಿಕರ ಹುಟ್ಟಿತು. ಇಲ್ಲದ ದೋಷಕ್ಕೆ ಇಷ್ಟು ಪ್ರಾಮಾಣಿಕತೆ. ಪ್ರಪಂಚದಲ್ಲಿ ಇಂಥವರು ಇರುವುದರಿಂದಲೇ ಉಳಿದವರ ಸಂಸಾರ ನಡೆಯುತ್ತದೆ ಎಂದುಕೊಂಡ. ಪ್ರತಿ ಪುಟದಲ್ಲೂ ತನ್ನ ಮೊಹರಿನ ಪಕ್ಕ ಭಾವಮೈದುನನ ಗುಂಡು ಗುಂಡು ಸಹಿ ಬಿದ್ದದ್ದನ್ನು ಆ ಸಂಜೆ ಎಣಿಸಿ ನೋಡಿದ. ಹದಿನಾರೂ ಸರಿಯಾಗಿದ್ದವು.

ಬೀಗದ ಕೈ ಕೈಸೇರಿದ ಮಾರನೆಯ ಬೆಳಿಗ್ಗೆ ಅವನು ಹೊಸ ದಿಂಬು ಹಿಡಿದು ಬೋಟಿಗೆ ಹೋದ. ಫಿಲ್ಟರು ಬದಲಿಸಲು ಹಳೆಯ ಪರಿಚಯದ ಮೆಕ್ಯಾನಿಕ್ಕನನ್ನೂ ಕರೆದಿದ್ದ. ದಿಂಬಿಟ್ಟು ಕುಳಿತು ಕೀಲಿ ತಿರುಗಿಸಿದ. ಎಡಗಡೆಯ ಎಂಜಿನ್ ಕೆಮ್ಮಿತು, ಏಳಲಿಲ್ಲ. ಬಲಗಡೆಯದು ಕೆಮ್ಮಿ ಎದ್ದು, ಹಿಂದೆ ದಡವೇ ಕಾಣದಂತೆ ಬಿಳಿ ಹೊಗೆ ಉಗುಳಿ, ನಿಂತುಹೋಯಿತು. ಮೆಕ್ಯಾನಿಕ್ ಕೆಳಗಿಳಿದ. ಮಧ್ಯಾಹ್ನದವರೆಗೆ ಕೆಳಗಿನಿಂದ ಸ್ಪ್ಯಾನರಿನ ಸದ್ದು ಬಿಟ್ಟರೆ ಬೇರೇನೂ ಕೇಳಲಿಲ್ಲ. ಮೇಲೆ ಬಂದವನು ಕೈ ಒರೆಸಿಕೊಳ್ಳುತ್ತಾ ಗೌರವದಿಂದಲೇ ಮಾತಾಡಿದ.

‘ವರದಿ ಓದಿದ್ದೆ ಸಾಹೇಬ್ರೇ. ಬಿಚ್ಚದೇನೇ ಬಿರುಕು ಹಿಡಿದಿದ್ದೀರಿ, ದೊಡ್ಡ ಮಾತು. ಒಂದೇ ತಪ್ಪು. ಎಡಗಡೆದಷ್ಟೇ ಅಲ್ಲ, ಬಲಗಡೆದೂ ಹೋಗಿದೆ. ಎರಡೂ ಹೊಸದೇ ಹಾಕಬೇಕು.’

ಎರಡು ಹೊಸ ಎಂಜಿನ್ನಿನ ಬೆಲೆಗೆ ಇಂಥ ಇನ್ನೊಂದು ಬೋಟೇ ಬರುತ್ತದೆಂದು ಅವನಿಗೆ ಯಾರೂ ಹೇಳಬೇಕಾಗಿರಲಿಲ್ಲ. ದೂರು ಕೊಡುವುದೆಂದರೆ ಯಾರ ಮೇಲೆ? ಒಡತಿ ದೋಷ ಮುಚ್ಚಿಟ್ಟಳೆಂದರೆ, ಆಕೆ ಹದಿನಾರು ಪುಟ ತೋರಿಸುತ್ತಾಳೆ. ಪರೀಕ್ಷೆ ಮಾಡಿದವನು ಸರಿಯಾಗಿ ನೋಡಲಿಲ್ಲವೆಂದರೆ, ಮೊಹರು ಅವನದೇ. ತಾನು ಬರೆದದ್ದು ಸುಳ್ಳಾಗಿತ್ತು ಎನ್ನಲೂ ಈಗ ದಾರಿಯಿಲ್ಲ, ಅದು ಸುಳ್ಳಾಗಿರಲಿಲ್ಲ. ಆದರೆ ಆ ದಿನ ಎರಡೂ ಒಂದೇ ತಿರುವಿಗೆ ಎದ್ದಿದ್ದವಲ್ಲ ಎಂದು ಮೆಕ್ಯಾನಿಕ್ಕನನ್ನು ಕೇಳಿದ.

‘ಹಿಂದಿನ ದಿನ ಆಯಿಲ್ ಬದಲಾಯಿಸಿ, ನೀವು ಬರೋಕೆ ಮುಂಚೆ ಒಂದು ಗಂಟೆ ಓಡಿಸಿ ನಿಲ್ಲಿಸಿದ್ರೆ ಆಯ್ತು,’ ಎಂದ ಮೆಕ್ಯಾನಿಕ್. ‘ಬಿಸಿಗೆ ಬಿರುಕು ಬಿಗಿದುಕೊಳ್ಳುತ್ತೆ, ಮಗು ಥರ ಓಡುತ್ತೆ. ಆದ್ರೆ ನಿಮ್ಮ ಹತ್ರ ಆ ಆಟ ನಡೆಯಲ್ಲ ಬಿಡಿ. ಮುಟ್ಟಿದ್ರೆ ಗೊತ್ತಾಗುತ್ತಲ್ಲ. ನೀವು ಹೋದಾಗ ಎಂಜಿನ್ ತಣ್ಣಗಿತ್ತು ತಾನೆ?’

ಇಪ್ಪತ್ತೇಳು ವರ್ಷದಲ್ಲಿ ಅವನು ಪರೀಕ್ಷಿಸಿದ ಪ್ರತಿಯೊಂದು ಎಂಜಿನ್ನಿನ ಮೇಲೂ, ಚಾಲೂ ಮಾಡುವ ಮುನ್ನ, ಅಂಗೈ ಇಟ್ಟು ನೋಡಿದ್ದ. ಬೆಚ್ಚಗಿದ್ದರೆ ಚೀಲ ಎತ್ತಿಕೊಂಡು ವಾಪಸು ಹೋಗಿ, ತಣ್ಣಗಾದ ಮೇಲೆ ಕರೆಯಿರಿ ಎನ್ನುತ್ತಿದ್ದ. ಆ ಬೆಳಿಗ್ಗೆಯೂ, ಏನು ಬರೆಯಬೇಕೆಂದು ಆಗಲೇ ಗೊತ್ತಿದ್ದವನು, ಬರೀ ಅಭ್ಯಾಸಬಲದಿಂದ ಎಡಗಡೆಯ ಎಂಜಿನ್ನಿನ ಮೇಲೆ ಅಂಗೈ ಇಟ್ಟಿದ್ದ. ಹೊರಗೆ ಚಳಿಯಿತ್ತು. ಎಂಜಿನ್ ಹಿತವಾಗಿ ಬೆಚ್ಚಗಿತ್ತು. ಇನ್ನೊಂದು ಕೈಯನ್ನೂ ಇಟ್ಟು, ಎರಡನ್ನೂ ಚೆನ್ನಾಗಿ ಕಾಯಿಸಿಕೊಂಡಿದ್ದ.