ಕಾಲು ಎಕರೆ ನಾರುಭಂಗಿ

ಸೋಮವಾರ ಬೆಳಿಗ್ಗೆ ಠಾಣೆಯ ಕಸ ಗುಡಿಸಿ ಮುಗಿಯುವ ಮೊದಲೇ ಹಗ್ಗದ ಕಾರ್ಖಾನೆಯ ಒಡತಿ ಬಂದು ನಿಂತಿದ್ದಳು. ಭಾನುವಾರ ಅವಳು ಗಂಡನೊಡನೆ ಮದುವೆಗೆ ಹೋಗಿ ಬರುವಷ್ಟರಲ್ಲಿ ಹಿತ್ತಲ ಹೊಲದ ಕಾಲು ಎಕರೆ ನಾರುಭಂಗಿ ಮಾಯವಾಗಿತ್ತು. ಗಾಂಜಾದ ಜಾತಿಯದೇ ಗಿಡ, ಆದರೆ ಅಮಲಿಲ್ಲ. ನಾರಿಗಾಗಿ ಬೆಳೆಯಬಹುದೆಂದು ಕಾನೂನು ತಿದ್ದುಪಡಿಯಾಗಿ ಇನ್ನೂ ಎರಡನೇ ವರ್ಷ. ಬೆಳೆ ಎಲ್ಲಿ ಹೋಯಿತೆಂದು ತೋರಿಸದಿದ್ದರೆ ಅವಳ ಲೈಸೆನ್ಸ್ ರದ್ದು, ಮೇಲೆ ಕಳ್ಳಮಾರಾಟದ ಕೇಸು.

ಗಾಂಜಾ ಕಳುವಾಯಿತೆಂದು ಠಾಣೆಗೇ ಬರುವ ಕಾಲ ಬಂತಲ್ಲ ಎಂದು ಹೆಡ್ ಕಾನ್‌ಸ್ಟೇಬಲ್ ನಕ್ಕ. ಇನ್ಸ್‌ಪೆಕ್ಟರ್ ನಗದೆ ಎಫ್‌ಐಆರ್ ಬರೆಸಿದರು.

ಹೊಲದಲ್ಲಿ ಪಂಚನಾಮೆ ಶುರುವಾಯಿತು. ಅಮಲಿಗೆ ಆಸೆಪಟ್ಟ ಕಳ್ಳ ಹೂವಿನ ತುದಿ ಚಿವುಟಿಕೊಂಡು ಹೋಗುತ್ತಾನೆ. ಇಲ್ಲಿ ಬುಡಕ್ಕೇ ಕುಡುಗೋಲು ಬಿದ್ದಿತ್ತು. ಎಳೆದ ಗುರುತು ಹೊಂಡದ ತನಕ ಹೋಗಿತ್ತು. ಹೆಡ್ ಗೊಣಗುತ್ತ ಪ್ಯಾಂಟು ಮಡಚಿ ಇಳಿದ. ನೀರಿನಡಿ ಕಂತೆಗಳು, ಬುಡವೆಲ್ಲ ಒಂದೇ ಕಡೆಗೆ, ಮೇಲೆ ಕಲ್ಲು. ಬೆಳೆ ಪೂರ್ತಿ ಅಲ್ಲೇ ಇತ್ತು.

ನಾರು ಬಿಡಿಸಲು ತಾವು ನೆನೆಹಾಕುವುದೂ ಹೀಗೇ, ಏನೂ ಹಾಳಾಗಿಲ್ಲ ಎಂದು ಒಡತಿ ನಿಟ್ಟುಸಿರುಬಿಟ್ಟಳು. ಆಮೇಲೆ ಕಂತೆಯ ಗಂಟು ನೋಡಿದಳು. ಸುಮ್ಮನಿರಬಹುದಿತ್ತು.

"ಇದು ನಮ್ಮ ಮಾವ ಹಾಕೋ ಗಂಟು, ಸಾರ್."

ಮಂಡಿನೋವಿನ ನೆವ ಹೇಳಿ ಮದುವೆಗೆ ಹೋಗದ ಮುದುಕ ಮನೆ ಬಾಗಿಲಲ್ಲೇ ಕೂತಿದ್ದ.

"ಕೊಯ್ದಿದ್ದು ನೀವೇನಾ?"

"ಹೂಂ."

"ಯಾಕೆ?"

"ಶನಿವಾರ ಇಬ್ಬರು ಬಂದು ಎಲೆ ಕಿತ್ತು, ಚೀಲಕ್ಕೆ ಹಾಕಿ ಅರಗಿನ ಮೊಹರು ಒತ್ತಿದ್ರು. ನನ್ನ ಹಿಡಿಯೋ ಮುಂಚೆನೂ ಹೀಗೇ ಮಾಡಿದ್ರು. ಇದೇ ಗಿಡಕ್ಕೆ ಮೂರು ವರ್ಷ ಒಳಗಿದ್ದೆ, ಸಾರ್. ನಮ್ಮ ಹುಡುಗಿ ಹೋಗೋದು ಬೇಡ."

ಬಂದವರು ಕೃಷಿ ಇಲಾಖೆಯವರು. ಎಲೆಯಲ್ಲಿ ಅಮಲು ಮಿತಿಯೊಳಗಿದೆಯೇ ಎಂದು ಪ್ರಯೋಗಾಲಯಕ್ಕೆ ಕಳಿಸುವುದು ಹೊಸ ನಿಯಮ. ಸೊಸೆ ಎಷ್ಟೋ ಸಲ ಬಿಡಿಸಿ ಹೇಳಿದ್ದಳು. ಆದರೆ ಹಾವು ಕಚ್ಚಿಸಿಕೊಂಡವನಿಗೆ ಹಗ್ಗ ಕಂಡರೂ ಭಯ. ಬೆಳೆಯನ್ನು ಅಡಗಿಸಲು ಹೊರಟಾಗಲೂ ಅವನ ಕೈ ಮಾತ್ರ ಹಳೆಯ ಕಸುಬನ್ನು ಬಿಟ್ಟಿರಲಿಲ್ಲ.

ಮಧ್ಯಾಹ್ನ ಬಂಧನ ದಾಖಲಾಯಿತು. ದೂರು ಕೊಟ್ಟವಳೇ ಜಾಮೀನಿಗೂ ಸಹಿ ಹಾಕಿದಳು. ಅಷ್ಟರಲ್ಲಿ ಇನ್ಸ್‌ಪೆಕ್ಟರ್ ವಿಚಾರಿಸಿದ್ದಕ್ಕೆ ಪ್ರಯೋಗಾಲಯದಿಂದ ಫೋನು ಬಂತು: ಅಮಲು ಮಿತಿಯೊಳಗಿದೆ. ಪಂಚನಾಮೆಯಲ್ಲಿ ಬೆಳೆ ಸಿಕ್ಕಿದ್ದು ನಮೂದಾಗಿದ್ದರಿಂದ ಲೈಸೆನ್ಸಿಗೂ ಕುತ್ತಿಲ್ಲ ಎಂದು ಇನ್ಸ್‌ಪೆಕ್ಟರ್ ತಿಳಿಸಿದರು.

"ಹಾಗಾದ್ರೆ ಇವಳನ್ನ ಹಿಡಿಯಲ್ವಾ?"

"ಇಲ್ಲ, ತಾತ. ಈಗ ಅದು ಬರೀ ಬೆಳೆ."

ಮುದುಕ ಬೆಂಚಿನ ಮೇಲೆ ಕೂತು ಮಗುವಿನ ಹಾಗೆ ಅತ್ತ. ಆಮೇಲೆ ಟವೆಲಿನಿಂದ ಮುಖ ಒರೆಸಿಕೊಂಡು, ತನ್ನನ್ನು ಬೇಗ ಬಿಟ್ಟರೆ ಒಳ್ಳೆಯದು, ನಾಳೆ ಬೆಳಿಗ್ಗೆ ಹೊಂಡದ ಕಂತೆ ಮಗುಚಬೇಕು, ಸೊಸೆಗೆ ಆ ಕೆಲಸ ಅಷ್ಟು ಬರೊಲ್ಲ ಎಂದ.