ಬಲಗಿವಿಯ ಮಲ್ಲಿಗೆ

ಶಾಲೆ ಬಿಟ್ಟಿತ್ತು. ಗೇಟಿನ ಬಳಿ ಇಯಾದ್ ಅಳುತ್ತಿದ್ದ. ನೀಲಿ ಮೇಲಂಗಿಯ ಹುಡುಗರೆಲ್ಲ ಸುತ್ತ ನಿಂತು, ಇವನಿಗೆ ಹುಡುಗಿಯರ ಗುಲಾಬಿ ಅಂಗಿ ಹಾಕ್ರೋ ಎಂದು ಕಿಚಾಯಿಸುತ್ತಿದ್ದರು. ಅವನ ತಪ್ಪಿಷ್ಟೆ: ಮುಂದಿನ ಬೆಂಚಿನ ಯುಸ್ರಾಳಿಗೆ 'ನೀನಂದ್ರೆ ನಂಗಿಷ್ಟ' ಎಂದುಬಿಟ್ಟಿದ್ದ.

ಹುಡುಗರು ಗಂಡಸುತನವನ್ನು ಯಾರಿಂದ ಕಲಿಯುತ್ತಾರೆ ಎಂಬ ಸಂಶೋಧನೆಗೆಂದು ಎಮ್ನಾ ರಾಜಧಾನಿ ಟ್ಯುನಿಸ್‌ನಿಂದ ಸ್ಫಾಕ್ಸ್ ಪಟ್ಟಣದ ಈ ಶಾಲೆಗೆ ಬಂದಿದ್ದಳು. ಸುಮ್ಮನೆ ನೋಡಬೇಕು, ನಡುವೆ ಬಾಯಿ ಹಾಕಬಾರದು; ಅದು ಅವಳ ಕೆಲಸದ ನಿಯಮ. ನೋಡಬಾರದ ಕಡೆಗೂ ಕಣ್ಣು ಓಡುತ್ತಿತ್ತು ಎಂಬುದು ಬೇರೆ ಮಾತು.

ಆ ಕಡೆ ಇದ್ದವನು ನಾಲ್ಕನೇ ತರಗತಿಯ ಮೇಷ್ಟ್ರು ಲಸಾದ್. ಊರಿನ ಗಂಡಸರಂತೆ ಅವನೂ ಸಂಜೆ ಗೇಟಿನ ಹೂವಿನವನಿಂದ ಮಲ್ಲಿಗೆಯ ಪುಟ್ಟ ಗೊಂಚಲು ಕೊಂಡು ಕಿವಿಗೆ ಸಿಕ್ಕಿಸಿಕೊಳ್ಳುತ್ತಿದ್ದ. ಎಡಗಿವಿಗಿಟ್ಟರೆ ಮನಸ್ಸು ಖಾಲಿ ಇದೆ ಎಂದರ್ಥ, ಬಲಗಿವಿಗಿಟ್ಟರೆ ಒಬ್ಬಳಿಗೆ ಒಪ್ಪಿಸಿಯಾಗಿದೆ ಎಂದು. ಲಸಾದನ ಮಲ್ಲಿಗೆ ಯಾವಾಗಲೂ ಬಲಗಿವಿಯಲ್ಲೇ. ಯಾರೋ ಪುಣ್ಯವಂತೆ ಎಂದುಕೊಂಡು ಎಮ್ನಾ ತಲೆ ತಗ್ಗಿಸುತ್ತಿದ್ದಳು. ಹೊಟ್ಟೆ ಉರಿಯುತ್ತಿತ್ತು, ಸುಳ್ಳೇಕೆ?

ಇವತ್ತು ಅವಳ ಕೊನೆಯ ದಿನ. ಸಂಜೆ ರೈಲು ಹತ್ತಿದರೆ ಈ ಊರಿನ ಋಣ ಮುಗಿಯಿತು.

ಆಗಷ್ಟೇ ಮಲ್ಲಿಗೆ ಕೊಂಡು ಕಿವಿಗೆ ಸಿಕ್ಕಿಸಿಕೊಂಡಿದ್ದ ಲಸಾದ್ ಗುಂಪಿನೊಳಗೆ ನುಗ್ಗಿ ಇಯಾದನನ್ನು ಪಕ್ಕಕ್ಕೆಳೆದುಕೊಂಡ. ಗುಂಪಿನ ಮುಖಂಡ ಬಿಲೇಲ್ ಬಿಡಲಿಲ್ಲ.

"ಗಂಡಸಾದವ್ನು ಹಂಗೆಲ್ಲ ಬಾಯಿಬಿಟ್ಟು ಹೇಳಲ್ಲ ಸಾರ್. ನೀವು ಯಾರಿಗಾದ್ರೂ ಹೇಳಿದ್ದೀರಾ?"

ಲಸಾದನ ಕಿವಿ ಕೆಂಪಾಯಿತು.

"ಇಲ್ಲ ಕಣೋ. ಹೆದರಿಕೆ. ನಿಮ್ಮಂಥೋರು ನಗ್ತೀರಲ್ಲ."

ಎಮ್ನಾಳ ನಿಯಮ ಅಲ್ಲಿಗೆ ಮುರಿಯಿತು.

"ಹೂ ಮಾತ್ರ ಬಲಗಿವೀಲಿದೆ. ಪಾಪ, ಅವಳಿಗಿನ್ನೂ ಹೇಳೇ ಇಲ್ವಾ?"

"ಅವಳಿಗೇ ಹೇಳ್ತಿರೋದು," ಎಂದ ಲಸಾದ್. "ನೀವು ಬರೋ ತನಕ ಎಡಗಿವೀಲೇ ಇಡ್ತಿದ್ದೆ ಎಮ್ನಾ. ಬೇಕಾದ್ರೆ ಹೂವಿನವನನ್ನೇ ಕೇಳಿ."

ಹೂವಿನವನು ಮುಗುಳ್ನಗುತ್ತ ತಲೆಯಾಡಿಸಿದ. ಇಷ್ಟು ದಿನ ತನ್ನ ಮೇಲೆ ತಾನೇ ಹೊಟ್ಟೆಕಿಚ್ಚು ಪಟ್ಟಿದ್ದೆನಲ್ಲ ಎಂದು ಎಮ್ನಾಳಿಗೆ ನಗು ಬಂತು. ಜೊತೆಗೇ ಕಣ್ಣೂ ತುಂಬಿತು. ಕೈ ಚಾಚಿ ಅವನ ಕಿವಿಯ ಮಲ್ಲಿಗೆಯನ್ನು ತೆಗೆದುಕೊಂಡಳು.

"ಸ್ಟೇಷನ್ ತನಕ ಬನ್ನಿ. ಮನೇಲಿ ಅಮ್ಮಂಗೆ ಏನು ಹೇಳ್ಬೇಕು ಅಂತ ದಾರೀಲಿ ಹೇಳ್ಕೊಡಿ."

ಲಸಾದ್ ಅಂಗಿಯ ತೋಳಿನಲ್ಲೇ ಕಣ್ಣೊರೆಸಿಕೊಂಡ. ಅದನ್ನು ನೋಡಿ ಇಯಾದನೂ ತನ್ನ ನೀಲಿ ತೋಳಿನಲ್ಲಿ ಮೂಗೊರೆಸಿಕೊಂಡ. ಹುಡುಗರೆಲ್ಲ ಬಿಲೇಲನ ಮುಖ ನೋಡಿದರು. ಅವನು ಮಾತ್ರ ಹೂವಿನವನ ಬುಟ್ಟಿಯನ್ನೇ ನೋಡುತ್ತಿದ್ದ.

"ಇಯಾದ್," ಎಂದು ಮೆಲ್ಲಗೆ ಕೇಳಿದ, "ನೀನು ಹೇಳಿದ್ದಕ್ಕೆ ಯುಸ್ರಾ ಏನಂದ್ಲೋ?"