ತೃಪ್ತಿಯ ಬಾಯಲ್ಲಿ ಬೆಳೆದ ಸೌತೆಕಾಯಿ

"ಹಲೋ, ಸುಂದರ ಇದ್ದಾನಾ?"

"ಇಲ್ಲ ಅಂಕಲ್, ಮಾಮ ಸಂಜೆ ಬರ್ತಾರೆ."

ಫೋನು ಟ್ರಿಣ್ ಅನ್ನುವ ಮೊದಲೇ ಅದನ್ನು ಎತ್ತುವ ಹುಡುಗಿ ತೃಪ್ತಿ. ಹವಲ್ಲಿಯಲ್ಲೇನು, ಇಡೀ ಕುವೈತಿನಲ್ಲೇ ಅಷ್ಟು ಚುರುಕಾದ ಕೈ ಇನ್ನೊಂದಿರಲಿಲ್ಲ. ಅದಕ್ಕಿಂತ ಚುರುಕಾದದ್ದು ಒಂದೇ ಒಂದು. ಅವಳ ಬಾಯಿ.

"ಹಾಗಾದರೆ ನೀನೇ ಹೇಳು ಮಗಾ," ಅಂದರು ಫ್ರೆಡ್ರಿಕ್ ಅಂಕಲ್. ಮಿರ್ಕಾಬ್‌ನ ದೊಡ್ಡ ಹೋಟೆಲೊಂದಕ್ಕೆ ತರಕಾರಿ ಕೊಳ್ಳುವುದು ಅವರ ಕೆಲಸ. "ಬುಧವಾರ ಸೌತೆಕಾಯಿ ಸ್ಯಾಂಪಲ್ ತರ್ಲಿಕ್ಕೆ ಹೇಳು. ಸಣ್ಣದು ಸಾಕು. ಒಂದು ಪೆನ್ನಿನಷ್ಟು ಉದ್ದ, ಎಲ್ಲಾ ಒಂದೇ ಸೈಜು. ಶೆಫ್‌ಗೆ ಇಷ್ಟ ಆದ್ರೆ ವಾರ ವಾರ ಆರ್ಡರ್."

ತೃಪ್ತಿ ಫೋನಿಟ್ಟು ಯೋಚಿಸಿದಳು. ಆ ಹೋಟೆಲಿನ ಬಾಗಿಲಲ್ಲಿ ಎರಡು ಆನೆ ಜೋಡಿಯಾಗಿ ಹೋಗಬಹುದು. ಅಷ್ಟು ದೊಡ್ಡ ಹೋಟೆಲಿಗೆ ಪೆನ್ನಿನಷ್ಟು ಸೌತೆಕಾಯಿಯೇ?

ಆಗ ಅವಳಿಗೆ ಥಟ್ಟನೆ ಹೊಳೆಯಿತು. ಮನೆಗೆ ಬಂದವರು ಊಟಕ್ಕೆ ಕೂತಾಗ "ಸ್ವಲ್ಪ ಸಾಕು, ಸ್ವಲ್ಪ ಸಾಕು" ಅನ್ನುತ್ತಾರಲ್ಲ, ಇದೂ ಅದೇ! ಸ್ವಲ್ಪ ಅಂದವರಿಗೆ ಅಮ್ಮ ಬೆಟ್ಟದಷ್ಟು ಬಡಿಸುತ್ತಾಳೆ. ಅವರು ಬೆಟ್ಟವನ್ನೇ ಕರಗಿಸಿ ಏಳುತ್ತಾರೆ. ಪಾಪ, ಅಂಕಲ್ ಕೇಳಲು ನಾಚಿಕೊಂಡಿದ್ದಾರೆ.

ಸಂಜೆ ಸುಂದರ ಮಾಮ ಬಂದು ಚಪ್ಪಲಿ ಬಿಚ್ಚುವಷ್ಟರಲ್ಲೇ ತೃಪ್ತಿ ಸುದ್ದಿ ಮುಟ್ಟಿಸಿದಳು. "ಮಾಮ, ಬುಧವಾರ ಸ್ಯಾಂಪಲ್! ದೊಡ್ಡ ದೊಡ್ಡದು ಬೇಕಂತೆ. ನನ್ನ ತೋಳಿನಷ್ಟು!"

"ಹೌದಾ?" ಮಾಮನ ಮೀಸೆ ಕಿವಿಯವರೆಗೆ ಅರಳಿತು. "ಹಾಗಾದರೆ ಇನ್ನು ನಾಲ್ಕು ದಿನ ಬಳ್ಳಿಯಲ್ಲೇ ಬಿಡುವ."

ಮಾಮ ತನ್ನ ಕಫೀಲನ, ಅಂದರೆ ವೀಸಾ ಕೊಟ್ಟು ಕರೆಸಿಕೊಂಡ ಅರಬಿ ಧಣಿಯ ಮನೆಯಲ್ಲಿ ಡ್ರೈವರ್. ಆ ಧಣಿಗೆ ವಫ್ರಾದಲ್ಲಿ ತೋಟವಿತ್ತು. ಅದರ ಮೂಲೆಯಲ್ಲಿ ಒಂದು ತುಂಡು ಜಾಗವನ್ನು ಮಾಮನಿಗೂ ಅವನ ಇಬ್ಬರು ಗೆಳೆಯರಿಗೂ ಬಿಟ್ಟುಕೊಟ್ಟಿದ್ದ. ಮೂವರೂ ಸೇರಿ ಪ್ಲಾಸ್ಟಿಕ್ ಚಪ್ಪರದೊಳಗೆ ಸೌತೆ ಬೆಳೆಯುತ್ತಿದ್ದರು. ಬೆಳೆಯುವುದೇನೋ ಸುಲಭ, ಮಾರುವುದು ಯಾರು? ಮಾಮನಿಗೆ ರಜೆ ಇದ್ದದ್ದು ಶುಕ್ರವಾರ ಮಾತ್ರ. ಆ ರಜೆಯಲ್ಲಿ ಅವನು ರಸ್ತೆ ಬದಿಯಲ್ಲಿ ಪಿಕಪ್ ನಿಲ್ಲಿಸಿ ಕತ್ತಲಾಗುವವರೆಗೂ ಕೂರುತ್ತಿದ್ದ.

ಹೀಗಾಗಿ ತೃಪ್ತಿಯ ಗಾಳಿಪಟ ಹಾರಿಸುವವರಿಲ್ಲದೆ ಬಾಗಿಲ ಹಿಂದೆ ನೇತಾಡಿ ನೇತಾಡಿ ಮುದಿ ಅಜ್ಜನಂತಾಗಿತ್ತು. "ಹೋಟೆಲ್ ಆರ್ಡರ್ ಸಿಗ್ಲಿ, ಮತ್ತೆ ಶುಕ್ರವಾರ ಪೂರ್ತಿ ನಿನ್ನದೇ. ಸಮುದ್ರದ ಹತ್ತಿರ ಹೋಗುವ," ಎಂದು ಮಾಮ ಮಾತು ಕೊಟ್ಟಿದ್ದ.

ಬುಧವಾರ ಶಾಲೆ ಮುಗಿದ ಕೂಡಲೇ ತೃಪ್ತಿ ಪಿಕಪ್ ಹತ್ತಿದಳು. ಹಿಂದೆ ಪೆಟ್ಟಿಗೆಗಳಲ್ಲಿ ಸೌತೆಕಾಯಿಗಳು ಮೊಸಳೆ ಮರಿಗಳಂತೆ ಮಲಗಿದ್ದವು. ಅವುಗಳ ಭಾರಕ್ಕೆ ಪಿಕಪ್ಪಿನ ಮೂತಿ ಆಕಾಶ ನೋಡುತ್ತಿತ್ತು. ನಂಬದವರು ದಾರಿಯುದ್ದಕ್ಕೂ ಇದ್ದ ಸಿಗ್ನಲ್ ದೀಪಗಳನ್ನು ಕೇಳಬಹುದು.

ಹೋಟೆಲಿನ ಹಿಂಬಾಗಿಲಲ್ಲಿ ಫ್ರೆಡ್ರಿಕ್ ಅಂಕಲ್ ಒಂದು ಪೆಟ್ಟಿಗೆ ತೆರೆದರು. ಕನ್ನಡಕ ತೆಗೆದರು, ಒರೆಸಿದರು, ಮತ್ತೆ ಹಾಕಿಕೊಂಡರು.

"ಎಂತ ಮಾರಾಯ ಇದು? ಸೌತೆಕಾಯಿಯಾ, ದೋಣಿಯಾ?"

"ನೀವೇ ಅಲ್ವಾ ಸರ್ ದೊಡ್ಡದು ಬೇಕು ಅಂದದ್ದು?"

"ನಾನಾ? ನಾನು ಹೇಳಿದ್ದು ಇಷ್ಟು!" ಅಂಕಲ್ ಜೇಬಿನಿಂದ ಪೆನ್ನು ತೆಗೆದು ಪೆಟ್ಟಿಗೆಯಲ್ಲಿಟ್ಟರು. ದೋಣಿಗಳ ನಡುವೆ ಪೆನ್ನು ಕಾಣಲೇ ಇಲ್ಲ.

ಇಬ್ಬರೂ ಮೆಲ್ಲಗೆ ತೃಪ್ತಿಯ ಕಡೆ ತಿರುಗಿದರು. ತೃಪ್ತಿಗೆ ತನ್ನ ಶೂ ಲೇಸ್ ಎಷ್ಟು ಚಂದ ಇದೆಯೆಂದು ಆಗಲೇ ಗೊತ್ತಾದದ್ದು.

"ಅದು... ಅಂಕಲ್, ನೀವು ಸುಮ್ನೆ ಮರ್ಯಾದೆಗೆ ಸಣ್ಣದು ಸಾಕು ಅಂದದ್ದು ಅಂತ... ನಮ್ಮನೆಗೆ ಬಂದಾಗ ಪಾಯಸ ಸ್ವಲ್ಪ ಸಾಕು ಅಂದ್ರಿ. ಅಮ್ಮ ಹಾಕಿದ ಅಷ್ಟೂ ತಿಂದ್ರಿ. ಮತ್ತೆ ಪಾತ್ರೆ ಕಡೆಗೂ ನೋಡಿದ್ರಿ."

ಅಂಕಲ್ ಮುಖ ಟೊಮೆಟೊ ಆಯಿತು. ಮಾಮನಿಗೆ ಎಲ್ಲಿಂದಲೋ ಕೆಮ್ಮು ಬಂತು.

"ಪಾಯಸದ ವಿಷಯ ಬೇರೆ ಮಾರಾಯ್ತಿ! ಇಲ್ಲಿ ಪ್ಲೇಟಿನಲ್ಲಿ ಎಲ್ಲಾ ತುಂಡೂ ಒಂದೇ ಹಾಗೆ ಕೂರ್ಬೇಕು. ಸಣ್ಣ ಅಂದ್ರೆ ಸಣ್ಣ. ಖಲಾಸ್." ಅವರು ಪೆನ್ನನ್ನು ತೃಪ್ತಿಯ ಕೈಗಿಟ್ಟರು. "ಇದು ಅಳತೆ. ಮುಂದಿನ ಬುಧವಾರ ಇನ್ನೊಂದು ಚಾನ್ಸ್. ಆಮೇಲೆ ಬೇರೆಯವರನ್ನು ನೋಡ್ತೇನೆ."

ಮಾಮ ಬೈಯಲಿಲ್ಲ. ಬೈದಿದ್ದರೇ ಚೆನ್ನಾಗಿತ್ತು. "ಈ ಶುಕ್ರವಾರವೂ ರೋಡ್ ಸೈಡೇ," ಎಂದಷ್ಟೇ ಹೇಳಿ ಗಾಡಿ ಓಡಿಸಿದ.

ಆ ವಾರ ಮನೆಯಲ್ಲಿ ಸೌತೆಕಾಯಿ ದೋಸೆ, ಸೌತೆಕಾಯಿ ಪಲ್ಯ, ಸೌತೆಕಾಯಿ ಹುಳಿ. ಬಿಲ್ಡಿಂಗಿನ ಬೆಕ್ಕು ಕೂಡ ಹಸಿರು ತೇಗು ತೇಗಿತು.

"ನನಗೆ ಸ್ವಲ್ಪ ಸಾಕಮ್ಮ," ಅಂದಳು ತೃಪ್ತಿ.

"ಆಹಾ, ಸ್ವಲ್ಪವಾ? ಮರ್ಯಾದೆಗೆ ಹೇಳ್ತಿದ್ದೀ ಅಲ್ವಾ?" ಎಂದು ಅಮ್ಮ ಇನ್ನೊಂದು ಸೌಟು ಸುರಿದಳು.

ಮಂಗಳವಾರ ಸಂಜೆ ವಫ್ರಾದ ಚಪ್ಪರದೊಳಗೆ ತೃಪ್ತಿ ಪೆನ್ನು ಹಿಡಿದು ಪೊಲೀಸಿನಂತೆ ನಿಂತಳು. ಮಾಮ ಕೊಯ್ದದ್ದನ್ನೆಲ್ಲ ಅಳೆದಳು.

"ಇದು?"

"ದೊಡ್ಡದು."

"ಚೂರೇ ಚೂರು ಮಾರಾಯ್ತಿ!"

"ದೊಡ್ಡ ಅಂದ್ರೆ ದೊಡ್ಡ ಮಾಮ. ಖಲಾಸ್."

ಮಾಮ ನಕ್ಕ. ನಗುವಿನ ನಡುವೆಯೇ ಆಕಳಿಸಿದ. ಬೆನ್ನಿಗೆ ಕೈ ಕೊಟ್ಟು ನೆಟ್ಟಗಾದ, ಮತ್ತೆ ಬಗ್ಗಿದ. ಕಫೀಲನ ಮಕ್ಕಳನ್ನು ಶಾಲೆಗೆ ಬಿಟ್ಟು, ಕರೆತಂದು, ಮಾರ್ಕೆಟ್ ಸುತ್ತಿ, ಆಮೇಲೆ ಇಲ್ಲಿಗೆ ಬಂದಿದ್ದ. ಮುಂದಿನ ಸಾಲನ್ನು ಅವನಿಗಿಂತ ಮೊದಲು ತೃಪ್ತಿಯೇ ಕೊಯ್ಯಲು ಶುರು ಮಾಡಿದಳು.

ಬುಧವಾರ ಶೆಫ್ ಪೆಟ್ಟಿಗೆ ತೆರೆದ. ಒಳಗೆ ಅಸೆಂಬ್ಲಿಯಲ್ಲಿ ನಿಂತ ಮಕ್ಕಳಂತೆ ಸಾಲು ಸಾಲು ಸೌತೆಕಾಯಿ. ಒಂದನ್ನು ಮುರಿದು ಕಚ್ಚಿದ. ಅದರ ಕಟುಂ ಸದ್ದು ಸೌದಿಯವರೆಗೂ ಕೇಳಿಸಿತು.

"ಯಲ್ಲಾ," ಎಂದು ಅರಬಿಯಲ್ಲಿ ಒಪ್ಪಿಗೆ ಕೊಟ್ಟ ಶೆಫ್. "ಎವ್ರಿ ವೀಕ್."

ಶುಕ್ರವಾರ ಊಟ ಮುಗಿದದ್ದೇ ತೃಪ್ತಿ ಗಾಳಿಪಟದ ಧೂಳು ಕೊಡವಿ, ದಾರ ಸುತ್ತಿ, ಶೂ ಹಾಕಿ ನಿಂತಳು. ಮಾಮ ಸೋಫಾಕ್ಕೆ ಒರಗಿದ.

"ಸ್ವಲ್ಪ ಕಣ್ಣು ಮುಚ್ತೇನೆ ಪುಟ್ಟಿ. ಐದೇ ನಿಮಿಷ ಸಾಕು. ಮತ್ತೆ ಹೊರಡುವ."

ಮಾತು ಮುಗಿಯುವ ಮೊದಲೇ ಗೊರಕೆ ಬಂತು. ಅಂತಿಂಥ ಗೊರಕೆಯಲ್ಲ. ಹವಲ್ಲಿಯ ಕಿಟಕಿಗಳೆಲ್ಲ ತಾಳ ಹಾಕಿದವು.

ಐದು ನಿಮಿಷ ಆಯಿತು. ತೃಪ್ತಿ ಗಡಿಯಾರ ನೋಡಿದಳು. ಗಾಳಿಪಟ ನೋಡಿದಳು. ಮಾಮನನ್ನು ನೋಡಿದಳು. ಶೂ ಬಿಚ್ಚಿ ಟಿವಿಯ ಸೌಂಡ್ ಕಡಿಮೆ ಮಾಡಿದಳು.

ಅಷ್ಟರಲ್ಲಿ ಫೋನು! ಟ್ರಿಣ್ ಅನ್ನುವುದರೊಳಗೆ ಅವಳ ಕೈ ಅಲ್ಲಿತ್ತು.

"ಹಲೋ, ಸುಂದರ ಇದ್ದಾನಾ?"

"ಇದ್ದಾರೆ ಅಂಕಲ್," ತೃಪ್ತಿ ಪಿಸುಗುಟ್ಟಿದಳು. "ಮಲಗಿದ್ದಾರೆ. ಐದೇ ನಿಮಿಷ ಸಾಕು ಅಂದಿದ್ದಾರೆ."

"ಸರಿ ಮಗಾ. ಹಾಗಾದರೆ ಐದು ನಿಮಿಷ ಬಿಟ್ಟು ಮಾಡ್ತೇನೆ."

"ಬೇಡ ಅಂಕಲ್," ಅಂದಳು ತೃಪ್ತಿ. "ನಾಳೆ ಮಾಡಿ."